ಸದಾನಂದನಿಗೊಂದು ಪತ್ರ: ಮುಂಗಡ ಕೊಡುವ ಮುಂಚೆ

ಮಾಟುಂಗ, ಮುಂಬೈ

ಪ್ರಿಯ ಸದಾ,

ನಿನ್ನ ಮೆಸೇಜು ಬಂದು ಒಂಬತ್ತು ದಿನವಾಯಿತು. ಉತ್ತರ ಇಲ್ಲೇ, ಎಲ್ಲರೆದುರಿಗೇ ಹಾಕುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ಬೇಕಾದಷ್ಟು ಓದಿ, ಉಳಿದದ್ದನ್ನು ನಾನು ಹೇಳಲೇ ಇಲ್ಲ ಅನ್ನುತ್ತೀ. ಲೋನಾವಳದ ಛತ್ರಿ ವಿಷಯದಲ್ಲಿ ಆದದ್ದು ಅದೇ ತಾನೆ? ಈ ಸಲ ಸಾಕ್ಷಿಗಳಿರಲಿ ಮಾರಾಯ.

ಪುಣೆಯ ನಾನಾ ಪೇಟೆ ಹತ್ತಿರದ ಶೆಡ್ಡಿನಲ್ಲಿ ನಿಂತಿರುವ 1972ರ ಎಂಜಿಬಿ ಕಾರು ಕೊಳ್ಳುವುದೋ, ಅದೇ ಎಂಜಿ ಹೆಸರಿನ ಹೊಸ ಎಲೆಕ್ಟ್ರಿಕ್ ಕಾರು ಸೈಬರ್‌ಸ್ಟರ್ ಬುಕ್ ಮಾಡುವುದೋ ಅಂತ ಕೇಳಿದ್ದೀ. ಎರಡಕ್ಕೂ ದುಡ್ಡಿದೆ ಅಂತ ಬೇರೆ ಬರೆದಿದ್ದೀ. ಅದನ್ನು ನಾನು ಇಲ್ಲಿ ಯಾರಿಗೂ ಹೇಳುವುದಿಲ್ಲ.

ಹೆಸರು ಬಿಟ್ಟರೆ ಇವೆರಡಕ್ಕೂ ನೆಂಟಸ್ತಿಕೆ ಇಲ್ಲ. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾದದ್ದು. 1798 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಎಸ್‌ಯು ಕಾರ್ಬ್ಯುರೇಟರ್, ತೂಕ ಒಂದು ಟನ್ನಿಗೂ ಕಡಿಮೆ. ಸೈಬರ್‌ಸ್ಟರ್ ನಮ್ಮಲ್ಲಿಗೆ ಬಂದದ್ದು 2025ರ ಜುಲೈಯಲ್ಲಿ. 77 ಯುನಿಟ್ಟಿನ ಬ್ಯಾಟರಿ, ಎರಡು ಮೋಟರ್, 510 ಪಿಎಸ್ ಶಕ್ತಿ, ಗಂಟೆಗೆ ನೂರು ಕಿ.ಮೀ. ಮುಟ್ಟಲು 3.2 ಸೆಕೆಂಡ್, ತೂಕ ಹತ್ತಿರ ಹತ್ತಿರ ಎರಡು ಟನ್. ಹಳೆಯದು ನೂರು ಮುಟ್ಟುವಷ್ಟರಲ್ಲಿ ನೀನು ಎದುರಿನ ರಿಕ್ಷಾದವನನ್ನು ಪೂರ್ತಿ ಬೈದು ಮುಗಿಸಬಹುದು.

ಹಾಗೆ ನೋಡಿದರೆ ಹಳೆಯದೂ ಬ್ಯಾಟರಿ ಗಾಡಿಯೇ. ಸೀಟಿನ ಹಿಂದೆ, ನೆಲದ ಕೆಳಗೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ. ಮೊದಲು ಆ ಡಬ್ಬಿಗಳ ತಳ ನೋಡು. ಮೇಲಿಂದ ಆ್ಯಸಿಡ್, ಕೆಳಗಿಂದ ಮಳೆನೀರು, ಎರಡೂ ಸೇರಿ ತಿಂದಿರುತ್ತವೆ. ಅಲ್ಲೇ ಪಕ್ಕದಲ್ಲಿ ಎಲೆಕ್ಟ್ರಿಕ್ ಪೆಟ್ರೋಲ್ ಪಂಪು. ಕೀಲಿ ತಿರುಗಿಸಿದ ಕೂಡಲೇ ಟಕಟಕ ಅಂದು, ಕಾರ್ಬ್ಯುರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಸುಮ್ಮನಾಗದಿದ್ದರೆ ಟ್ಯಾಂಕು ಖಾಲಿ, ಇಲ್ಲವೇ ಕಾರ್ಬ್ಯುರೇಟರ್ ತುಂಬಿದಾಗ ದಾರಿ ಮುಚ್ಚುವ ಫ್ಲೋಟ್ ನೀಡಲ್ ಕೂರದೆ ಪೆಟ್ರೋಲ್ ಹೊರಗೆ ಸುರಿಯುತ್ತಿದೆ.

ಎಂಜಿಬಿಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಇಡೀ ಭಾರ ಬಾಗಿಲ ಕೆಳಗಿನ ಸಿಲ್‌ಗಳ ಮೇಲೆ. ಹೊರಗಿನ ತಗಡು ಹೊಸದಾಗಿ ಹೊಳೆಯುತ್ತಿದ್ದರೆ ಸಂಶಯಪಡು, ಒಳಪದರ ಕರಗಿದ್ದರೂ ಪುಟ್ಟಿ ಬಳಿದು ಬಣ್ಣ ಹೊಡೆಯುತ್ತಾರೆ. ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಉದ್ದಕ್ಕೂ ಹಾಯಿಸು, ಎಲ್ಲಿ ಜಾರುತ್ತದೋ ಅಲ್ಲಿ ಪುಟ್ಟಿ. ಆಮೇಲೆ ಜಾಕ್ ಹಾಕಿ ಒಂದು ಬದಿ ಎತ್ತಿ, ಆ ಬದಿಯ ಬಾಗಿಲು ತೆರೆದು ಮುಚ್ಚಿ ನೋಡು. ನೆಲದ ಮೇಲಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದದ್ದು ಈಗ ಹಿಡಿದರೆ ಮೈ ಬಗ್ಗುತ್ತಿದೆ ಎಂದು ಅರ್ಥ. ಅಲ್ಲಿಂದಲೇ ರಿಕ್ಷಾ ಹಿಡಿದು ಮನೆಗೆ ಹೋಗು, ಚಹಾಕ್ಕೂ ನಿಲ್ಲಬೇಡ.

ಈಗ ಪೆಟ್ರೋಲ್. ಬಂಕಿನಲ್ಲಿ ಸಿಗುವುದು ಇ20, ಐದರಲ್ಲಿ ಒಂದು ಪಾಲು ಎಥನಾಲ್. ಪಂಪಿನ ಡಯಾಫ್ರಂ, ರಬ್ಬರ್ ಹೋಸು, ಕಾರ್ಕ್ ವಾಷರು ಯಾವುದೂ ಇದಕ್ಕಾಗಿ ಮಾಡಿದ್ದಲ್ಲ. ಹೋಸು ಮೊದಲು ಮೆತ್ತಗಾಗುತ್ತದೆ, ಆಮೇಲೆ ಒಳಪದರ ಕರೀ ಪುಡಿಯಾಗಿ ಬಂದು ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಬಿಡುವ ಜೆಟ್ಟಿನಲ್ಲಿ ಕೂರುತ್ತದೆ. ಎಲ್ಲವನ್ನೂ ಎಥನಾಲ್ ತಡೆಯುವ ವೈಟನ್ ರಬ್ಬರಿನ ಒಳಪದರದ್ದಕ್ಕೆ ಬದಲಿಸು. ಎಥನಾಲ್ ನೀರು ಹೀರುತ್ತದೆ, ಹೆಚ್ಚಾದರೆ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ತುಕ್ಕು ಶುರುವಾಗುವುದು ಅಲ್ಲಿಂದ.

ಮಿಶ್ರಣವೂ ಬದಲಾಗುತ್ತದೆ. ಬರೀ ಪೆಟ್ರೋಲಾದರೆ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ, ಇ20 ಆದರೆ ಸುಮಾರು 13.5 ಪಾಲು. ಹಳೇ ಸೆಟ್ಟಿಂಗಿನಲ್ಲೇ ಓಡಿಸಿದರೆ ಎಂಜಿನ್ ಹಸಿದುಕೊಂಡು ಬಿಸಿಯಾಗುತ್ತದೆ, ಪ್ಲಗ್ಗಿನ ತುದಿ ಬೆಳ್ಳಗಾಗುತ್ತದೆ. ಜೆಟ್ಟನ್ನು ಮೇಲ್ಮಟ್ಟಕ್ಕೆ ತಂದು, ಅಲ್ಲಿಂದ ನಟ್ಟನ್ನು ಎರಡು ಸುತ್ತು ಕೆಳಗಿಳಿಸಿ ಶುರುಮಾಡು. ಆಮೇಲೆ ಒಂದು ಸಲಕ್ಕೆ ಸುತ್ತಿನ ಆರನೇ ಒಂದು ಪಾಲು, ಅಷ್ಟೇ. ಪಕ್ಕದ ಪುಟ್ಟ ಪಿನ್ನಿನಿಂದ ಕಾರ್ಬ್ಯುರೇಟರಿನ ಪಿಸ್ಟನ್ನನ್ನು 0.8 ಮಿ.ಮೀ. ಎತ್ತು, ಉಗುರಿನ ದಪ್ಪಕ್ಕಿಂತ ತುಸು ಹೆಚ್ಚು. ಎಂಜಿನ್ ಕ್ಷಣಹೊತ್ತು ಚುರುಕಾಗಿ ಮತ್ತೆ ಇಳಿದರೆ ಸರಿ. ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ, ಕುಸಿದರೆ ಕಡಿಮೆ. ಇಷ್ಟು ಮಾಡಿದರೂ ಮುಂಬೈ-ಪುಣೆ ದಾರಿಯ ಘಾಟಿ ಹತ್ತಿ ಖಂಡಾಲದಲ್ಲಿ ಚಹಾಕ್ಕೆ ನಿಲ್ಲಿಸಿದರೆ, ಆ ಬಿಸಿಗೆ ಫ್ಲೋಟ್ ಬೌಲಿನ ಪೆಟ್ರೋಲ್ ಕುದಿದು ಸ್ಟಾರ್ಟ್ ಆಗಲು ಹಠ ಮಾಡಬಹುದು. ಬಾನೆಟ್ ತೆರೆದಿಟ್ಟು ಇನ್ನೊಂದು ಚಹಾ ಕುಡಿ.

ಮುಂದಿನ ಕೆಲಸ ಎರಡು ಕಾರ್ಬ್ಯುರೇಟರನ್ನು ಸಮ ಮಾಡುವುದು. ಏರ್ ಫಿಲ್ಟರ್ ಕಳಚಿ, ಎರಡನ್ನೂ ಜೋಡಿಸುವ ಕಡ್ಡಿಯ ಕ್ಲ್ಯಾಂಪ್ ಸಡಿಲಿಸಿ, ಎರಡಡಿ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರಿನ ಬಾಯಿಗೆ. ಎರಡರ ಸುಯ್ಯೆನ್ನುವ ಸದ್ದೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಬೇಕು. ಇದನ್ನು ನಿನಗೆ ನೂರು ಸಲ ಹೇಳಿದ್ದೇನೆ. ‘ಮೀಟರ್ ಎಲ್ಲ ಬೇಡ, ಕಿವಿ ಸಾಕು’ ಅಂತ ಎದೆ ತಟ್ಟಿಕೊಂಡು.

ಈಚೆಗೆ ನನಗೆ ಎರಡೂ ಒಂದೇ ಥರ ಕೇಳಿಸುತ್ತವೆ ಸದಾ. ಸ್ಕ್ರೂ ಅರ್ಧ ಸುತ್ತು ಒಳಗೆ ಹಾಕಿದರೂ ಒಂದೇ, ಹೊರಗೆ ತೆಗೆದರೂ ಒಂದೇ. ಮೊದಮೊದಲು ಪೈಪನ್ನು ಬೈದೆ, ಹೊಸ ಪೈಪು ತಂದೆ. ಎಂಜಿನ್ನಿನ ದೊಡ್ಡ ಗುಡುಗುಡು ಚೆನ್ನಾಗಿಯೇ ಕೇಳುತ್ತದೆ. ಹೋದದ್ದು ಸಣ್ಣ, ಚೂಪು ಸದ್ದುಗಳು ಮಾತ್ರ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ, ನಾನೂ ಗೊತ್ತುಮಾಡಿಕೊಳ್ಳಲಿಲ್ಲ.

ನೀನು ಕಳಿಸಿದ ಎಂಜಿಬಿಯ ರೆಕಾರ್ಡಿಂಗ್ ಕೇಳಿ ‘ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸರಿಯಿದೆ, ಎಂಜಿನ್ ಗಟ್ಟಿ’ ಅಂತ ಬರೆದೆನಲ್ಲ, ಅದು ಊಹೆ. ನನಗೆ ಏನೂ ಕೇಳಿಸಲಿಲ್ಲ. ಕೇಳಿಸದ್ದನ್ನೇ ಸರಿಯಿದೆ ಅಂದುಬಿಟ್ಟೆ. ಎಲೆಕ್ಟ್ರಿಕ್ ಗಾಡಿಗಳನ್ನು ‘ಉಸಿರಿಲ್ಲದ ಹೆಣ’ ಅಂತ ಇದೇ ಜಾಗದಲ್ಲಿ ವರ್ಷಗಟ್ಟಲೆ ಹೀಯಾಳಿಸಿದವನು ನಾನು. ಆ ಸಾಲುಗಳನ್ನು ಬರೆಯುವಾಗಲೇ ನನ್ನ ಪಾಲಿಗೆ ಪೆಟ್ರೋಲ್ ಗಾಡಿಯ ಉಸಿರು ಅರ್ಧ ನಿಂತಿತ್ತೋ ಏನೋ. ಹೆದರಿಕೆಯಾಗಿದ್ದಕ್ಕೇ ಅಷ್ಟು ಜೋರಾಗಿ ಬೈದೆನೇ ಅಂತ ಒಂಬತ್ತು ದಿನದಿಂದ ಯೋಚಿಸುತ್ತಿದ್ದೇನೆ.

ಆದ್ದರಿಂದ ಮುಂಗಡ ಕೊಡುವ ಮುಂಚೆ ವಾಲ್ವಿನ ಸಂದು ಅಳೆಯುವ ಫೀಲರ್ ಗೇಜ್ ಒಯ್ಯಿ. ಎಂಜಿನ್ ತಣ್ಣಗಿರುವಾಗ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಪಾಲು, ಎಂಟು ವಾಲ್ವಿಗೆ ಎಂಟೂ. ಒಂದನೇ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದನ್ನು ಅಳೆ, ಮೂರು ತೆರೆದಾಗ ಆರು, ಮೊತ್ತ ಯಾವಾಗಲೂ ಒಂಬತ್ತು. ಟಿಕಿಟಿಕಿ ಅನ್ನುವ ಟ್ಯಾಪೆಟ್ಟಿನದು ಬರೀ ಗಲಾಟೆ. ಸದ್ದೇ ಇಲ್ಲದ ಬಿಗಿ ಟ್ಯಾಪೆಟ್ಟು ವಾಲ್ವ್ ಸುಡುತ್ತದೆ. 2000ದಲ್ಲಿ ದೇಶದಲ್ಲೆಲ್ಲ ಪೆಟ್ರೋಲಿನಿಂದ ಸೀಸ ತೆಗೆದ ಮೇಲೆ ಹಳೇ ಹೆಡ್ಡಿನ ಮೆದು ವಾಲ್ವ್ ಸೀಟುಗಳು ಸವೆದು ಒಳಗಿಳಿಯುತ್ತವೆ, ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಗಟ್ಟಿ ಸೀಟು ಕೂರಿಸಿದ್ದಾರೋ ಕೇಳು, ಬಿಲ್ ನೋಡು. ಎಂಜಿನ್ ಬಿಸಿಯಾದ ಮೇಲೆ ಓಡುವಾಗ ಆಯಿಲ್ ಪ್ರೆಷರ್ 50 ಪಿಎಸ್‌ಐಗಿಂತ ಕೆಳಗಿಳಿಯಬಾರದು. ನನ್ನ ಕಿವಿ ನಂಬಬೇಡ, ಮೀಟರಿನ ಮುಳ್ಳು ನಂಬು.

ಇರಲಿ, ಚಾರ್ಜರ್ ವಿಷಯಕ್ಕೆ ಬರುತ್ತೇನೆ. ಅಲ್ಲಿ ಕಿವಿಯ ಅಗತ್ಯ ಕಡಿಮೆ.

7.4 ಕಿಲೋವ್ಯಾಟಿನ ಚಾರ್ಜರ್ 32 ಆಂಪಿಯರ್ ಎಳೆಯುತ್ತದೆ. ಖಾಲಿ ಬ್ಯಾಟರಿ ತುಂಬಲು ಹತ್ತು ಹನ್ನೊಂದು ಗಂಟೆ. ಸೊಸೈಟಿಯ ಎನ್‌ಒಸಿ ತಗೊಂಡು ವಿದ್ಯುತ್ ಕಂಪನಿ ಮಹಾವಿತರಣದಲ್ಲಿ ಲೋಡ್ ಏರಿಸಬೇಕು. ಮೀಟರ್ ಕೋಣೆಯಿಂದ ನಿನ್ನ ಪಾರ್ಕಿಂಗಿಗೆ 40 ಮೀಟರ್ ಇದ್ದರೆ 6 ಚದರ ಮಿ.ಮೀ. ತಾಮ್ರದ ಕೇಬಲ್ಲಿನಲ್ಲಿ ಒಂಬತ್ತು ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 10ರದ್ದು ಹಾಕಿಸು. ಅರ್ಥಿಂಗ್ ಗುಂಡಿ ಪ್ರತ್ಯೇಕ ಇರಲಿ. ಸೊಸೈಟಿಯ ಹಳೇ ಗುಂಡಿ ಏಪ್ರಿಲ್ ಹೊತ್ತಿಗೆ ಒಣಗಿ ಚಾರ್ಜರ್ ಕೆಂಪು ದೀಪ ತೋರಿಸುತ್ತದೆ, ನೀನು ಗಾಡಿಯನ್ನು ಬೈಯುತ್ತೀ. ಮಳೆಗಾಲದಲ್ಲಿ ನಿಲ್ಲಿಸಿಡುವಾಗ ಚಾರ್ಜು ಅರ್ಧದಷ್ಟಿರಲಿ. ನಿಧಾನವಾಗಿಸುವುದು ಹೆಚ್ಚಾಗಿ ಮೋಟರೇ ಆದ್ದರಿಂದ ಬ್ರೇಕ್ ಡಿಸ್ಕುಗಳಿಗೆ ಕೆಲಸವಿಲ್ಲದೆ ತುಕ್ಕು ಕೂರುತ್ತದೆ. ವಾರಕ್ಕೊಮ್ಮೆ ಮೋಟರಿನ ಈ ಹಿಡಿತ, ಅಂದರೆ ರೀಜನ್, ಕಡಿಮೆ ಮಾಡಿ ನಾಲ್ಕೈದು ಸಲ ಒತ್ತಿ ಬ್ರೇಕ್ ಹಾಕು.

ಖೋಪೋಲಿಯಿಂದ ಖಂಡಾಲಕ್ಕೆ ಐನೂರು ಮೀಟರ್ ಏರು ಅಂದುಕೋ. ಎರಡು ಟನ್ ಎತ್ತಲು ಎರಡೂಮುಕ್ಕಾಲು ಯುನಿಟ್ ಬೇಕು, ಇಳಿಯುವಾಗ ಒಂದಷ್ಟು ವಾಪಸು ಬರುತ್ತದೆ. ಆದರೆ ಚಿಕ್ಕಿ ತಿನ್ನುತ್ತಾ ಲೋನಾವಳದಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಇಳಿಯಬೇಡ. ತುಂಬಿದ ಬ್ಯಾಟರಿಗೆ ಹಾಕಲು ಜಾಗವಿರುವುದಿಲ್ಲ, ಮೋಟರಿನ ಹಿಡಿತ ಸಿಗುವುದಿಲ್ಲ.

ಎಂಜಿಬಿಗೇ ಮೋಟರ್ ಕೂರಿಸುವ ಯೋಚನೆ ಬಿಡು. ಮೋಟರ್ ಕಿಟ್ಟಿಗೆ ಒಪ್ಪಿಗೆ ಕೊಡುವ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ನಿಮ್ಮ ಕೊಥ್ರೂಡಿನ ಗುಡ್ಡದ ಮೇಲೇ ಇದೆ, ಆದರೆ ಎಂಜಿನ್ ಬದಲಾದ ಗಾಡಿ 2021ರ ನಿಯಮದ ಪ್ರಕಾರ ವಿಂಟೇಜ್ ಅಲ್ಲ. ಆ ನೋಂದಣಿಗೆ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ. ಅದು ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ. ದಿನಾ ಹಿಂಜವಡಿಗೆ ಹೋಗುವುದಾದರೆ ಆ ನೋಂದಣಿ ಮಾಡಿಸಬೇಡ.

ನನ್ನನ್ನು ಕೇಳಿದರೆ, ಸಿಲ್ ಗಟ್ಟಿಯಿದ್ದರೆ ಹಳೆಯದು. ಇಲ್ಲದಿದ್ದರೆ ಹೊಸದು, ಅದಕ್ಕೆ ಇನ್ನು ಮೇಲೆ ನನ್ನ ವಿರೋಧವಿಲ್ಲ. ಭಾನುವಾರ ನಾನೇ ಬಂದು ಟ್ಯಾಪೆಟ್ ಅಳೆಯುತ್ತೇನೆ. ಕಣ್ಣು ಇನ್ನೂ ಚೆನ್ನಾಗಿದೆ, ಗೇಜಿನ ಮೇಲಿನ ಅಂಕಿ ಕನ್ನಡಕ ಹಾಕಿದರೆ ಕಾಣುತ್ತದೆ. ಛತ್ರಿ ನಾನು ತರುವುದಿಲ್ಲ. ಏನಾದರೂ ಇದ್ದರೆ ಫೋನ್ ಮಾಡಬೇಡ, ಮೆಸೇಜ್ ಹಾಕು. ನಿನ್ನ ಧ್ವನಿ ಕಿವಿ ಸರಿಯಿದ್ದಾಗಲೂ ಕೇಳುವಂಥದ್ದಾಗಿರಲಿಲ್ಲ.

ನಿನ್ನ,
ಶೇಖರ