ಆ ಕಾದಂಬರಿಯನ್ನು ಕಪಾಟಿನಿಂದ ತೆಗೆಯಬೇಡಿ: ನಮ್ಮ ಸ್ಕೂಲ್ ಬೋರ್ಡಿಗೆ ಬಹಿರಂಗ ಪತ್ರ

ಹ್ಯೂಸ್ಟನ್ ಪಶ್ಚಿಮದ ನಮ್ಮ ಸ್ಕೂಲ್ ಬೋರ್ಡಿನ ಟ್ರಸ್ಟಿಗಳಿಗೆ,

ನಮಸ್ಕಾರ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮಗೆ ಈಮೇಲ್ ಮಾಡಿದ್ದೇನೆ. ಕನ್ನಡದಲ್ಲೂ ಬರೆಯಲು ಕಾರಣವಿದೆ. ನಿಮಗೆ ಓಟು ಹಾಕುವ ಕನ್ನಡದವರು ಇಲ್ಲಿ ಸಾಕಷ್ಟು ಜನ ಇದ್ದೇವೆ. ಆದರೆ ಲೈಬ್ರರಿ ಪುಸ್ತಕದ ಗಲಾಟೆ ಎದ್ದಾಗಲೆಲ್ಲ 'ನಮಗ್ಯಾಕೆ ಬೇಕು ಆ ಉಸಾಬರಿ' ಅಂತ ಸುಮ್ನಿದ್ದುಬಿಡುತ್ತೇವೆ.

2025ರಲ್ಲಿ ಟೆಕ್ಸಸ್ಸಿನಲ್ಲಿ ಸೆನೆಟ್ ಬಿಲ್ 13 ಪಾಸಾಯಿತು. ಅಂದಿನಿಂದ ಶಾಲಾ ಲೈಬ್ರರಿಗೆ ಯಾವ ಪುಸ್ತಕ ಬರಬೇಕು ಅನ್ನುವುದರಲ್ಲಿ ಕೊನೆಯ ಮಾತು ನಿಮ್ಮದು. ಕೆಟ್ಟ ಬೈಗುಳ ಇರುವ ಪುಸ್ತಕಕ್ಕೆ ಆ ಕಾಯ್ದೆಯಲ್ಲಿ ಜಾಗವಿಲ್ಲ. ಹಾಗಾಗಿ ಆ್ಯಂಜಿ ಥಾಮಸ್ ಅವರ 'ದ ಹೇಟ್ ಯು ಗಿವ್' ಕಾದಂಬರಿ ಒಂದಲ್ಲ ಒಂದು ದಿನ ನಿಮ್ಮ ಮೇಜಿಗೆ ಬಂದೇ ಬರುತ್ತದೆ. ಅದರಲ್ಲಿ ಬೈಗುಳ ಇದೆ, ಇಲ್ಲ ಅನ್ನುವುದಿಲ್ಲ. ನಮ್ಮ ಹೈಸ್ಕೂಲಿನ ಕಾರಿಡಾರಿನಲ್ಲಿ ಅದಕ್ಕಿಂತ ಜಾಸ್ತಿ ಇದೆ.

ಪಕ್ಕದ ಕೇಟಿಯಲ್ಲಿ 2017ರಲ್ಲಿ ಆದದ್ದು ನಿಮಗೆ ಗೊತ್ತಿರಬೇಕು. ಒಬ್ಬ ಪೋಷಕರ ದೂರಿನ ಮೇಲೆ ಸೂಪರಿಂಟೆಂಡೆಂಟ್ ಈ ಪುಸ್ತಕವನ್ನು ಕಪಾಟಿನಿಂದ ತೆಗೆಸಿದರು. ವಿದ್ಯಾರ್ಥಿಗಳು ಸಹಿ ಸಂಗ್ರಹಿಸಿದ ಮೇಲೆ ಅದು ವಾಪಸ್ ಬಂತು, ಅದೂ ಅಪ್ಪ-ಅಮ್ಮನ ಅನುಮತಿ ಇದ್ದವರಿಗೆ ಮಾತ್ರ. ಬೈಗುಳ ಒಂದು ನೆಪ ಅಷ್ಟೇ ಅಂತ ನನ್ನ ಅನುಮಾನ. 2020ರಲ್ಲಿ ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕಗಳ ಪಟ್ಟಿಯನ್ನು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಕೊಟ್ಟಿತಲ್ಲ, ಅದರಲ್ಲಿ ಇದೂ ಇತ್ತು. ಬೈಗುಳದ ಜೊತೆ ಇನ್ನೊಂದು ಕಾರಣವನ್ನೂ ಬರೆದಿದ್ದರು: ಪೊಲೀಸರ ವಿರುದ್ಧವಾಗಿದೆ.

ಹೌದಾ? ಓದಿ ನೋಡಿ. ಹದಿನಾರರ ಕಪ್ಪು ಹುಡುಗಿ ಸ್ಟಾರ್, ತನ್ನ ಹಾಗೇ ಕಪ್ಪು ಬಣ್ಣದ ಗೆಳೆಯ ಖಲೀಲನ ಕಾರಿನಲ್ಲಿ ಕೂತಿದ್ದಾಳೆ. ಹಿಂದಿನ ದೀಪ ಒಡೆದಿದೆ ಅಂತ ಪೊಲೀಸ್ ಗಾಡಿ ನಿಲ್ಲಿಸುತ್ತಾನೆ. ಸ್ಟಾರ್‌ಗೆ ಹನ್ನೆರಡು ವರ್ಷವಿದ್ದಾಗಲೇ ಅಪ್ಪ ಹೇಳಿಕೊಟ್ಟಿದ್ದಾನೆ: ಕೈ ಕಾಣುವ ಹಾಗೆ ಇಟ್ಟುಕೋ, ತಟ್ಟನೆ ಅಲುಗಾಡಬೇಡ, ಕೇಳಿದರೆ ಮಾತ್ರ ಮಾತಾಡು. ಅವಳು ಹಾಗೇ ಇರುತ್ತಾಳೆ. ಆ ಗಾಬರಿಯಲ್ಲೂ ಬ್ಯಾಡ್ಜಿನ ನಂಬರ್ ನೋಡಿಟ್ಟುಕೊಳ್ಳುತ್ತಾಳೆ, 115. ಪೊಲೀಸ್ ಕಾರಿನಿಂದ ಕೆಳಗಿಳಿಸಿದ್ದ ಖಲೀಲ, ಅವಳು ಸರಿಯಾಗಿದ್ದಾಳಾ ಅಂತ ಕೇಳಲು ಬಾಗಿಲು ತೆರೆಯುತ್ತಾನೆ. ಗುಂಡು ಬೀಳುತ್ತದೆ. ಪೊಲೀಸ್ ಬಂದೂಕು ಅಂದುಕೊಂಡದ್ದು ಒಂದು ಹೇರ್ ಬ್ರಷ್. ಇನ್ನು, ಸ್ಟಾರ್‌ನ ಮಾವನೂ ಪೊಲೀಸೇ. ಅವಳನ್ನು ಮಗಳ ಹಾಗೆ ಬೆಳೆಸಿದವನು. ಪೊಲೀಸ್ ದ್ವೇಷಕ್ಕೆ ಬರೆದ ಪುಸ್ತಕದಲ್ಲಿ ಅಂಥ ಮಾವ ಇರ್ತಾನಾ?

ಈಗ ನಮ್ಮ ರಾಜ್ಯದ ಇನ್ನೊಂದು ಕಾಯ್ದೆ ನೋಡಿ. 2017ರ ಸೆನೆಟ್ ಬಿಲ್ 30ರ ಪ್ರಕಾರ, ಪೊಲೀಸರು ಗಾಡಿ ನಿಲ್ಲಿಸಿದಾಗ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಹೈಸ್ಕೂಲ್ ಮಕ್ಕಳಿಗೆ ಕಡ್ಡಾಯವಾಗಿ ಕಲಿಸಬೇಕು. ಅದಕ್ಕೊಂದು ವಿಡಿಯೊ ಕೂಡ ಇದೆ. ಸ್ಟಾರ್‌ನ ಅಪ್ಪ ಹೇಳಿದ್ದನ್ನೇ ಸರ್ಕಾರವೂ ಹೇಳುತ್ತಿದೆ, ಅಲ್ವಾ? ಪಾಠ ಕಡ್ಡಾಯ, ಆ ಪಾಠ ಯಾಕೆ ಬೇಕಾಯಿತು ಅಂತ ಹೇಳುವ ಕಥೆಗೆ ಅನುಮತಿ ಚೀಟಿ. 2015ರ ಜುಲೈನಲ್ಲಿ ಸಾಂಡ್ರಾ ಬ್ಲಾಂಡ್ ಅನ್ನುವ ಕಪ್ಪು ಮಹಿಳೆಯನ್ನು ಪೊಲೀಸರು ಲೇನ್ ಬದಲಿಸುವಾಗ ಸಿಗ್ನಲ್ ಹಾಕಲಿಲ್ಲ ಅಂತ ನಿಲ್ಲಿಸಿದ್ದು ಇಲ್ಲೇ ಹತ್ತಿರದ ಪ್ರೇರಿ ವ್ಯೂನಲ್ಲಿ. ಮೂರು ದಿನದ ಮೇಲೆ ಅವರು ಜೈಲಿನಲ್ಲಿ ಹೆಣವಾಗಿ ಸಿಕ್ಕರು. 2020ರಲ್ಲಿ ಪೊಲೀಸನ ಮಂಡಿಯ ಕೆಳಗೆ ಪ್ರಾಣ ಬಿಟ್ಟ ಜಾರ್ಜ್ ಫ್ಲಾಯ್ಡ್ ಬೆಳೆದದ್ದು ಹ್ಯೂಸ್ಟನ್ನಿನ ಥರ್ಡ್ ವಾರ್ಡಿನಲ್ಲಿ. ನಮ್ಮ ಮಕ್ಕಳಿಗೆ ಇದು ದೂರದ ಊರಿನ ಕಥೆಯೇನಲ್ಲ.

'ಅದು ಕಪ್ಪು ಜನರ ವಿಷಯ' ಅನ್ನುವ ನಮ್ಮವರಿಗೂ ಒಂದು ಮಾತು. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮಗನ ಮನೆಗೆ ಬಂದಿದ್ದ 57 ವರ್ಷದ ಗುಜರಾತಿ ಅಜ್ಜ ಬೆಳಗ್ಗೆ ವಾಕಿಂಗ್ ಹೊರಟಿದ್ದರು. ಯಾರೋ ಕರಿಯ ಮನುಷ್ಯ ಅಡ್ಡಾಡುತ್ತಿದ್ದಾನೆ ಅಂತ ಒಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಬಂದ ಪೊಲೀಸ್ ಅವರನ್ನು ನೆಲಕ್ಕೆ ಅಪ್ಪಳಿಸಿದ. ಇಂಗ್ಲಿಷ್ ಬರದ ಅಜ್ಜನ ಕೈಕಾಲು ಸ್ವಾಧೀನ ತಪ್ಪಿತು. ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, 2016ರಲ್ಲಿ ನ್ಯಾಯಾಧೀಶರು ಆ ಪೊಲೀಸನನ್ನು ಖುಲಾಸೆ ಮಾಡಿದರು. ಹಾಸನದಿಂದ, ದಾವಣಗೆರೆಯಿಂದ ಬರುವ ನಮ್ಮ ಅಪ್ಪಂದಿರೂ ಮಂಕಿ ಕ್ಯಾಪ್ ಹಾಕಿಕೊಂಡು ಬೆಳಗ್ಗೆ ಆರಕ್ಕೇ ಇಲ್ಲಿನ ಬೀದಿ ಸುತ್ತುತ್ತಾರೆ.

ಯಾವ ಅಪ್ಪ-ಅಮ್ಮನಿಗಾದರೂ ತಮ್ಮ ಮಗು ಇದನ್ನು ಓದುವುದು ಬೇಡ ಅನ್ನಿಸಿದರೆ, ಬೇಡ ಅನ್ನಲಿ. ಅದು ಅವರ ಹಕ್ಕು. ನನ್ನ ಮಗನ ಪರವಾಗಿಯೂ ಅವರೇ ಬೇಡ ಅನ್ನುವುದು ಯಾವ ನ್ಯಾಯ?

ಕೇಳುವುದು ಇಷ್ಟೇ. ದೂರು ಬಂದರೆ ಆರಿಸಿ ತೆಗೆದ ನಾಲ್ಕು ಸಾಲು ನೋಡಿ ವೋಟು ಹಾಕಬೇಡಿ. ಪುಸ್ತಕ ಪೂರ್ತಿ ಓದಿ. ಓದಿದ ಮೇಲೂ ತೆಗೆಯಬೇಕು ಅನ್ನಿಸಿದರೆ ಯಾಕೆ ಅಂತ ಎಲ್ಲರೆದುರು ಸಭೆಯಲ್ಲಿ ಹೇಳಿ. ಬೇಕಿದ್ದರೆ ನಮ್ಮ ಮನೆಯ ಪ್ರತಿ ತಂದುಕೊಡುತ್ತೇನೆ. ಮಗ ಪೆನ್ಸಿಲಿನಲ್ಲಿ ಗೀಚಿದ್ದಾನೆ, ದಯವಿಟ್ಟು ಅಳಿಸದೆ ವಾಪಸ್ ಕೊಡಿ.

ಇಂತಿ,
ಡ್ರೈವಿಂಗ್ ಕಲಿಯುತ್ತಿರುವ ಹುಡುಗನ ತಾಯಿ