ಕಸ ಬೇರೆ ಮಾಡಿಕೊಟ್ಟ ಪ್ರತಿ ಮನೆಗೂ ಥ್ಯಾಂಕ್ಸ್

ಹೋದ ವಾರ ನಮ್ಮ ಕೊನೆ ಸೆಮಿಸ್ಟರ್ ಪರೀಕ್ಷೆ ಮುಗಿಯಿತು. ಮೈಸೂರಿನ ನಮ್ಮ ಬಡಾವಣೆಯಲ್ಲಿ ನಮ್ಮ ಬ್ಯಾಚಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಹುಡುಗ ಹುಡುಗಿಯರು ಮೂರು ವರ್ಷದಿಂದ ನಡೆಸಿಕೊಂಡು ಬಂದ ಹಸಿ ಕಸ, ಒಣ ಕಸದ ಕೆಲಸವೂ ಅದರ ಜೊತೆಗೇ ಜೂನಿಯರ್‌ಗಳ ಕೈಗೆ ಹೋಯಿತು. ಬೆಳಗ್ಗೆ ಬೆಳಗ್ಗೆ ಗೇಟಿನ ಮುಂದೆ ಬಂದು ನಿಂತವರನ್ನು ಬೇಜಾರು ಮಾಡಿಕೊಳ್ಳದೆ ಮಾತಾಡಿಸಿದ ನಿಮಗೆಲ್ಲ ಥ್ಯಾಂಕ್ಸ್ ಹೇಳಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿಯುವ ಇಮೋಜಿ ಹಾಕಿದರೆ ಸಾಲುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ಮೊದಲ ಥ್ಯಾಂಕ್ಸ್, ನಮಗೆ ಎದುರು ಪ್ರಶ್ನೆ ಕೇಳಿದವರಿಗೆ. "ನಾವು ಬೇರೆ ಮಾಡಿ ಕೊಡ್ತೀವಿ, ಆಮೇಲೆ ಗಾಡಿಯಲ್ಲಿ ಎಲ್ಲ ಒಂದೇ ಕಡೆ ಸುರೀತಾರಲ್ಲ, ಏನು ಪ್ರಯೋಜನ?" ಅಂತ ಮೊದಲ ತಿಂಗಳು ಈ ಪ್ರಶ್ನೆ ಬರದ ಬೀದಿಯೇ ಇರಲಿಲ್ಲ. ಸುಮ್ನೆ ತಲೆ ಅಲ್ಲಾಡಿಸಿ ಬಾಗಿಲು ಹಾಕಿಕೊಳ್ಳುವುದು ಸುಲಭ ಇತ್ತು. ನೀವು ಹಾಗೆ ಮಾಡಲಿಲ್ಲ, ನಿಂತು ಕೇಳಿದಿರಿ. ಅದು ನ್ಯಾಯವಾದ ಪ್ರಶ್ನೆ. ಹಸಿ, ಒಣ, ಮನೆಯ ಅಪಾಯಕಾರಿ ಕಸ ಅಂತ ಮೂರು ಭಾಗ ಮಾಡಿ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು, ನಿಜ. ಆದರೆ ನಿಯಮ ಓದಿ ಹೇಳಿದರೆ ಯಾರೂ ಎರಡನೇ ಬಕೆಟ್ ತಂದಿಡುವುದಿಲ್ಲ. ತಾನು ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಾರೆ ಕಂಡರೆ ತಂದಿಡುತ್ತಾರೆ. ಈ ಮೂರು ವರ್ಷದ ಕೆಲಸವೆಲ್ಲ ನಿಂತಿದ್ದೇ ಇದರ ಮೇಲೆ.

ಹಾಗಾಗಿ ಎರಡನೇ ಥ್ಯಾಂಕ್ಸ್ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಲ್ಲಿ ಕೆಲಸ ಮಾಡುವವರಿಗೆ. ಆಂಟಿಯರನ್ನೂ ನಿವೃತ್ತ ಅಂಕಲ್‌ಗಳನ್ನೂ ಕರೆದುಕೊಂಡು ಹೋಗಿ ನಾವು ಅಲ್ಲಿ ನಿಂತಾಗ ಅವರು ಕೈಕೆಲಸ ನಿಲ್ಲಿಸದೆಯೇ ಎಲ್ಲ ತೋರಿಸಿದರು. ಒಣ ಕಸ ಅಂದರೆ ಒಂದೇ ರಾಶಿ ಅಂದುಕೊಂಡಿರುತ್ತೇವೆ ಅಲ್ವಾ? ಅಲ್ಲಿ ಹಾಲಿನ ಪ್ಯಾಕೆಟ್ ಬೇರೆ, ರಟ್ಟು ಬೇರೆ, ನೀರಿನ ಬಾಟಲಿ ಬೇರೆ, ಚಪ್ಪಲಿ ಬೇರೆ, ಗಾಜು ಬೇರೆ. ಹಸಿ ಕಸ ಗೊಬ್ಬರವಾಗಿ ರೈತರ ಹೊಲಕ್ಕೆ ಹೋಗುತ್ತದೆ. ಸಾಂಬಾರು ಚೆಲ್ಲಿದ ನ್ಯೂಸ್‌ಪೇಪರ್ ಹಿಡಿದು ಅಲ್ಲಿನ ಒಬ್ಬ ಅಕ್ಕ, "ಇದು ಒಣಗಿದ್ರೆ ದುಡ್ಡು, ಒದ್ದೆ ಆದ್ರೆ ಬರೀ ಕಸ" ಅಂದರು. ಒಂದು ಗಂಟೆ ನಾವು ಮಾಡುತ್ತಿದ್ದ ಭಾಷಣವನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಎರಡನೇ ಕ್ರಾಸಿನ ಆಂಟಿಯರು ಯಾರ ಮನೆಯಲ್ಲಿ ಎಷ್ಟು ಬಕೆಟ್ ಇದೆ ಅಂತ ಲೆಕ್ಕ ಹಾಕುತ್ತಿದ್ದರು. ನನಗೆ ಆವತ್ತು ಆದ ಖುಷಿ ರಿಸಲ್ಟ್ ಬಂದ ದಿನವೂ ಆಗಿಲ್ಲ.

ವಿದ್ಯಾರಣ್ಯಪುರದ ಸೂಯೆಜ್ ಫಾರ್ಮ್ ಕಡೆಗೂ ಒಮ್ಮೆ ಹೋಗಿದ್ದೆವು. ದಶಕಗಳಿಂದ ಬಂದು ಬಿದ್ದ ಊರಿನ ಕಸ ಅಲ್ಲಿ ಗುಡ್ಡವಾಗಿತ್ತು. ಆ ಸುತ್ತಮುತ್ತ ಮನೆ ಮಾಡಿಕೊಂಡವರು ವರ್ಷಗಟ್ಟಲೆ ಆ ವಾಸನೆಯಲ್ಲೇ ಬದುಕು ಮಾಡಿದ್ದಾರೆ. 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರೇ ಮೊದಲು ಬಂದಾಗ ನಾವು ಚಿಕ್ಕ ಮಕ್ಕಳು, ಶಾಲೆಯಲ್ಲಿ ಚಪ್ಪಾಳೆ ಹೊಡೆದಿದ್ದು ನೆನಪಿದೆ. ಆ ಹೆಮ್ಮೆ ಇವತ್ತಿಗೂ ಇದೆ. ಆದರೆ ಊರು ಚೆನ್ನಾಗಿ ಕಾಣಲಿ ಅಂತ ನಮ್ಮ ಕಸವನ್ನು ಇನ್ನೊಬ್ಬರ ಮನೆ ಹಿಂದೆ ಗುಡ್ಡೆ ಹಾಕುವುದು ಸರಿಯಲ್ಲ. ಬೆರೆತ ಕಸ ಹಾಗೆ ಗಾಳಿ ಆಡದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿದಿಡುವ ಅನಿಲ. ಮಿಕ್ಕಿದ ಅನ್ನಕ್ಕೂ ಹವಾಮಾನಕ್ಕೂ ಏನು ಸಂಬಂಧ ಅಂತ ಕೇಳಿದ ತರಕಾರಿ ಅಂಗಡಿ ಅಣ್ಣನಿಗೆ ನಮ್ಮ ಕೆಮಿಸ್ಟ್ರಿ ಮೇಡಂ ಅಂಗಡಿ ಮುಂದೆಯೇ ನಿಂತು ಇದನ್ನು ಬಿಡಿಸಿ ಹೇಳಿದರು. ಅವತ್ತಿನಿಂದ ಆ ಅಣ್ಣ ಹೂಕೋಸಿನ ಎಲೆ, ಬಾಡಿದ ಸೊಪ್ಪು ಎಲ್ಲ ಚೀಲಕ್ಕೆ ತುಂಬಿ ನಮಗಾಗಿ ಎತ್ತಿಡುತ್ತಾರೆ. ಮೇಡಂ, ಅಣ್ಣ, ಇಬ್ಬರಿಗೂ ನಮಸ್ಕಾರ.

ಈಗ ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಅಕ್ಕಂದಿರ ವಿಷಯ. ಇದನ್ನು ಬರೆಯುವಾಗ ಕೈ ನಿಧಾನ ಆಗುತ್ತದೆ. ಮೊದಲ ವರ್ಷ ಒಂದು ಬೆಳಗ್ಗೆ ಅವರಲ್ಲಿ ಒಬ್ಬರ ಬಲಗೈಗೆ ಬಟ್ಟೆ ಸುತ್ತಿತ್ತು. ಏನಕ್ಕಾ ಅಂತ ಕೇಳಿದರೆ, "ಕಸ ಎತ್ತೋದೇನೂ ಕಷ್ಟ ಅಲ್ಲ ಕಣವ್ವ, ಕವರೊಳಗಿರೋ ಬ್ಲೇಡು ಕಣ್ಣಿಗೆ ಕಾಣಲ್ಲ" ಅಂದರು. ಅಷ್ಟೇ. ಯಾರನ್ನೂ ಬೈಯಲಿಲ್ಲ. ಆ ವಾರವೇ ನಾವು ಮನೆಮನೆಗೆ ಹೋಗಿ ಬ್ಲೇಡು, ಒಡೆದ ಗಾಜು, ಸೂಜಿ ಎಲ್ಲವನ್ನೂ ದಪ್ಪ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ ಅಂತ ಹೇಳಿದೆವು. ಪ್ಯಾಡು, ಡೈಪರ್‌ಗೂ ಹಾಗೆಯೇ. ಇದನ್ನು ಹೇಳಲು ನಮ್ಮ ಹುಡುಗರಿಗೆ ಮುಜುಗರ ಆಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಅಣ್ಣತಮ್ಮಂದಿರ ಹಾಗೆ ನಿಂತು ಹೇಳಿದರು, ಮನೆಯವರೂ ಹಾಗೇ ಕೇಳಿಸಿಕೊಂಡರು. ಇವತ್ತು ನಮ್ಮ ಬೀದಿಗಳಲ್ಲಿ ಕೆಂಪು ಗುರುತಿನ ಪೊಟ್ಟಣ ಮಾಮೂಲು. ನಾವು ಮಾಡಿದ್ದರಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಗೊಬ್ಬರಕ್ಕಿಂತ ಮೊದಲು ಇದು.

ಆ ಅಕ್ಕಂದಿರು ನಮಗೆ ಕಲಿಸಿದ್ದು ಇನ್ನೂ ಇದೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವಾಗ ಚೂರು ಪೂರ್ತಿ ಬಿಡಿಸಬಾರದು, ಪ್ಯಾಕೆಟ್ಟಿಗೇ ಅಂಟಿಕೊಂಡಿರಬೇಕು. ಉಗುರಿನಷ್ಟು ಚೂರನ್ನು ಯಾರೂ ಹೆಕ್ಕುವುದಿಲ್ಲ, ಅದು ಮೋರಿಗೇ ಹೋಗುತ್ತದೆ. ತೊಳೆದು ಒಣಗಿಸಿದ ಪ್ಯಾಕೆಟ್ಟಾದರೆ ಗುಜರಿಯವರು ತೆಗೆದುಕೊಳ್ಳುತ್ತಾರೆ. ಚಿಪ್ಸು, ಬಿಸ್ಕತ್ತಿನ ಕವರಿನಲ್ಲಿ ಪ್ಲಾಸ್ಟಿಕ್ಕಿನ ಜೊತೆ ಲೋಹದ ತೆಳು ಪದರವೂ ಸೇರಿರುವುದರಿಂದ ಅದಕ್ಕೆ ಕೊಳ್ಳುವವರು ಸಿಗುವುದು ಕಷ್ಟ. ಇದನ್ನು ಸರ್ಕಾರಿ ಶಾಲೆಯ ಆರನೇ ಕ್ಲಾಸಿನ ಮಕ್ಕಳಿಗೆ ಹೇಳಿದಾಗ ಒಂದು ಹುಡುಗಿ ಎದ್ದು, "ಅಕ್ಕಾ, ಯಾರಿಗೂ ಬೇಡ ಅಂದ್ಮೇಲೆ ಅದನ್ನ ಯಾಕೆ ಮಾಡ್ತಾರೆ?" ಅಂತ ಕೇಳಿದಳು. ಅವಳಿಗೆ ಉತ್ತರ ಕೊಡಬೇಕಾದವರು ಕವರು ಮಾಡುವವರು. ಆ ಶಾಲೆಯ ಮೇಷ್ಟ್ರು ಶನಿವಾರದ ಒಂದು ಪೀರಿಯಡ್ ನಮಗೆ ಬಿಟ್ಟುಕೊಟ್ಟರು, ಒಂದು ಸಲವೂ "ಇವತ್ತು ಆಗಲ್ಲ" ಅನ್ನಲಿಲ್ಲ. ಸರ್, ನಿಮ್ಮ ಮಕ್ಕಳು ಮನೆಗೆ ಹೋಗಿ ಅಮ್ಮಂದಿರ ಬಕೆಟ್ ತಪಾಸಣೆ ಮಾಡಿದ್ದರಿಂದಲೇ ಮೂರನೇ ಕ್ರಾಸು ಸರಿಹೋಯಿತು. ಅಲ್ಲಿಯ ತಾಯಂದಿರೇ ನಮಗೆ ಹೇಳಿದ ಮಾತು ಇದು.

ಗೊಬ್ಬರದ ಗುಂಡಿಯ ಕಥೆ ಹೇಳದೆ ಮುಗಿಸುವುದು ಹೇಗೆ? ಮೈಸೂರಿನ ಬೀದಿಗಳಿಗೆ ಮರಗಳೇ ಅಂದ. ಚಳಿಗಾಲ ಕಳೆಯುತ್ತಿದ್ದ ಹಾಗೆ ಎಲೆ ಉದುರಿ ರಸ್ತೆ ತುಂಬುತ್ತದೆ, ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುವ ಅಭ್ಯಾಸ ತುಂಬಾ ಕಡೆ ಇದೆ. ಹಾಗೆ ಸುಡುವುದಕ್ಕೆ ಕಾನೂನಿನಲ್ಲೂ ಅವಕಾಶ ಇಲ್ಲ, ಉಬ್ಬಸ ಇರುವವರಿಗೆ ಆ ಹೊಗೆಯಲ್ಲಿ ಉಸಿರಾಡಲೂ ಆಗುವುದಿಲ್ಲ. ನಿವೃತ್ತ ಅಂಕಲ್ ಒಬ್ಬರು ತಮ್ಮ ಖಾಲಿ ಸೈಟಿನ ಒಂದು ಮೂಲೆ ಬಳಸಿಕೊಳ್ಳಿ ಅಂತ ಬೀಗದ ಕೈಯನ್ನೇ ಕೊಟ್ಟರು. ಒಂದು ಪದರ ಎಲೆ, ಒಂದು ಪದರ ಹಸಿ ಕಸ, ಮೇಲೆ ಸಗಣಿ ಬಗ್ಗಡ, ಆಗಾಗ ಹುಳಿ ಮಜ್ಜಿಗೆ. ಮಳೆಮರದ ಸಣ್ಣ ಎಲೆ ಬೇಗ ಕರಗುತ್ತದೆ, ಮಾವಿನ ಎಲೆ ಗಟ್ಟಿ, ತಿಂಗಳುಗಟ್ಟಲೆ ಹಾಗೇ ಇರುತ್ತದೆ. ವಾಸನೆ ಬಂದರೆ ನೀರು ಜಾಸ್ತಿ ಆಗಿದೆ ಅಂತ ಅರ್ಥ, ಒಣ ಎಲೆ ಸೇರಿಸಿ ಮಗುಚಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಇಷ್ಟೂ ವಿದ್ಯೆಯನ್ನು ನಮಗೆ ಕೈಹಿಡಿದು ಹೇಳಿಕೊಟ್ಟದ್ದು ಮೂಲೆಮನೆ ಅಜ್ಜಿ. ಅವರ ಹಳ್ಳಿ ಮನೆಯಲ್ಲಿ ಹಿತ್ತಿಲಿಗೊಂದು ತಿಪ್ಪೆಗುಂಡಿ ಇತ್ತಂತೆ, ವರ್ಷಕ್ಕೊಮ್ಮೆ ಗಾಡಿಗೆ ಹೇರಿ ಹೊಲಕ್ಕೆ ಹೊಡೆಯುತ್ತಿದ್ದರಂತೆ. ಚಳಿಗಾಲದ ಬೆಳಗ್ಗೆ ಗುಂಡಿ ಮಗುಚಿದಾಗ ಒಳಗಿಂದ ಹಬೆ ಎದ್ದಿತು, ಕೈ ಇಟ್ಟರೆ ಸುಡುವಷ್ಟು ಬಿಸಿ. ನಮ್ಮ ಬಯಾಲಜಿ ಹುಡುಗರು ಥರ್ಮಾಮೀಟರ್ ತರಲು ಓಡಿದರು. ಅಜ್ಜಿ ಸೆರಗು ಸರಿಮಾಡಿಕೊಂಡು, "ಬೇಯ್ತಾ ಇದೆ ಬಿಡಿ, ಇನ್ನು ಚಿಂತೆ ಇಲ್ಲ" ಅಂದರು. ಥರ್ಮಾಮೀಟರ್ ಹೇಳಿದ್ದೂ ಅದನ್ನೇ.

ಆದರೆ ಎರಡನೇ ವರ್ಷ, ಇನ್ನೇನು ಗೊಬ್ಬರ ತೆಗೆಯಬೇಕು ಅನ್ನುವಾಗ, ರಾತ್ರಿ ಯಾರೋ ಗುಂಡಿಗೆ ಬೆಂಕಿ ಇಟ್ಟರು. ಬೆಳಗ್ಗೆ ಹೋದರೆ ಬೂದಿ, ಸುಟ್ಟ ಬಿದಿರಿನ ತಟ್ಟಿ. ಯಾರು ಅಂತ ಗೊತ್ತಿಲ್ಲ, ಹುಡುಕಲೂ ಇಲ್ಲ. ಅದೇ ಸಮಯಕ್ಕೆ ಒಂದು ಕಚೇರಿಗೆ ನಮ್ಮ ಮೇಲೆ ದೂರು ಹೋಗಿ, ಗುಂಡಿ ಮುಚ್ಚಿಸಿ ಅಂತ ಹೇಳಿ ಕಳಿಸಿದರು. ಇಂಟರ್ನಲ್ಸ್ ಬೇರೆ ಇತ್ತು. ಬಿಟ್ಟುಬಿಡೋಣ ಅಂತ ನಮ್ಮಲ್ಲಿ ಅರ್ಧ ಜನ ಅಂದರು, ಅವರು ಅಂದದ್ದರಲ್ಲಿ ತಪ್ಪೇನೂ ಇಲ್ಲ, ಅಷ್ಟು ಸುಸ್ತಾಗಿದ್ದರು. ಆ ಸಂಜೆ ನೀವು ಬಂದಿರಿ. ಎರಡನೇ ಕ್ರಾಸಿನ ಆಂಟಿಯರು ಕಾಗದದಲ್ಲಿ ಸಹಿ ಹಾಕಿಸಿಕೊಂಡು ತಾವೇ ಆ ಕಚೇರಿಗೆ ಹೋದರು. ಎಳನೀರು ಮಾರುವ ಅಣ್ಣ ಹೊಸ ತಟ್ಟಿ ಕಟ್ಟಿಕೊಟ್ಟರು, ದುಡ್ಡು ಕೊಡಲು ಹೋದರೆ ಬೈದರು. ಸೈಟಿನ ಅಂಕಲ್ ಗೋಡೆಗೆ ಒಂದು ಲೈಟು ಹಾಕಿಸಿದರು. ನಮ್ಮ ಎನ್ನೆಸ್ಸೆಸ್ ಅಧಿಕಾರಿ ಸರ್ ಯಾವ ದೊಡ್ಡ ಮಾತೂ ಆಡದೆ ಮಾರನೇ ದಿನ ಗುದ್ದಲಿ ಹಿಡಿದು ನಿಂತಿದ್ದರು. ಎನ್ನೆಸ್ಸೆಸ್ಸಿನಲ್ಲಿ ಎರಡು ವರ್ಷಕ್ಕೆ 240 ಗಂಟೆ ಕೆಲಸ ಮಾಡಿದರೆ ಸರ್ಟಿಫಿಕೇಟ್ ಸಿಗುತ್ತದೆ. ಅದು ಸಿಕ್ಕಿದ ಮೇಲೂ ಮೂರನೇ ವರ್ಷ ಒಬ್ಬರೂ ಬಿಟ್ಟು ಹೋಗಲಿಲ್ಲ ಅಂದರೆ ಆ ಸಂಜೆಯೇ ಕಾರಣ.

ಹೋದ ವರ್ಷದ ಆಯುಧಪೂಜೆಯನ್ನಂತೂ ಮರೆಯಲು ಸಾಧ್ಯವಿಲ್ಲ. ಆವತ್ತು ಸಂಜೆಯಷ್ಟರಲ್ಲಿ ಬೀದಿ ತುಂಬ ಒಡೆದ ಬೂದುಗುಂಬಳ, ಬಾಳೆಕಂದು, ಮಾವಿನ ಸೊಪ್ಪು, ಹೂವು. ಮಾರನೇ ದಿನ ವಿಜಯದಶಮಿ, ಜಂಬೂಸವಾರಿ, ಲಕ್ಷಾಂತರ ಜನ ಸೇರುವ ಹಬ್ಬ. ಪೌರಕಾರ್ಮಿಕರಿಗೆ ಉಸಿರು ಬಿಡಲೂ ಪುರುಸೊತ್ತಿಲ್ಲದ ದಿನ. ಕುಂಬಳದ ಲೋಳೆ ಮೇಲೆ ಸ್ಕೂಟರ್ ಜಾರಿ ಬಿದ್ದವರನ್ನು ಪ್ರತಿ ವರ್ಷ ನೋಡುತ್ತೇವೆ. ಆ ಸಲ ನಾವು ಮೊದಲೇ ಕೇಳಿಕೊಂಡಿದ್ದೆವು: ಕುಂಬಳವನ್ನು ರಸ್ತೆ ನಡುವೆ ಒಡೆಯಬೇಡಿ, ಗೇಟಿನ ಪಕ್ಕ ಒಡೆಯಿರಿ, ಒಳಗಿನ ಕಾಸು ತೆಗೆದುಕೊಳ್ಳಿ, ಚೂರು ನಮಗೆ ಕೊಡಿ. ಗ್ಯಾರೇಜಿನವರು, ಆಟೋ ಸ್ಟ್ಯಾಂಡಿನವರು, ಮನೆಗಳವರು ಎಲ್ಲರೂ ಕೊಟ್ಟಿರಿ. ಜಂಬೂಸವಾರಿ ನೋಡಲು ಹೋಗುವ ಮೊದಲು ಬೆಳಗ್ಗೆಯೇ ತಳ್ಳುಗಾಡಿಯಲ್ಲಿ ತಂದು, ಬಾಳೆಕಂದನ್ನು ಮಚ್ಚಿನಿಂದ ತುಂಡು ಮಾಡಿ ಗುಂಡಿಗೆ ಹಾಕಿದೆವು. ಬಾಳೆಕಂದಿನಲ್ಲಿ ನೀರೇ ಜಾಸ್ತಿ, ಒಣ ಎಲೆ ಎರಡರಷ್ಟು ಬೇಕಾಯಿತು. ನಮ್ಮ ಬೀದಿಯ ಅಕ್ಕಂದಿರು ಆವತ್ತು ಮೊದಲ ಸಲ ತಮ್ಮ ಮಕ್ಕಳ ಜೊತೆ ಆನೆ ನೋಡಲು ಹೋದರಂತೆ. ಇದನ್ನು ಹೇಳುವಾಗ ಅವರ ಮುಖ ಹೇಗಿತ್ತು ಅಂತ ನೀವು ನೋಡಬೇಕಿತ್ತು.

ಹೆಸರು ಹಿಡಿದು ಬರೆದರೆ ಎಷ್ಟೋ ಜನಕ್ಕೆ ಇಷ್ಟ ಆಗುವುದಿಲ್ಲ ಅಂತ ಯಾರ ಹೆಸರೂ ಬರೆದಿಲ್ಲ. ಕಸದ ಆಟೋ ಓಡಿಸುವ ಅಣ್ಣ ಡಬ್ಬಿಗೆ ಅಡ್ಡ ಹಲಗೆ ಹಾಕಿಸಿಕೊಂಡು ಹಸಿ ಒಣ ಎರಡನ್ನೂ ಬೇರೆಯಾಗಿಯೇ ಒಯ್ದರು, ಮೊದಲ ದಿನ ಕೇಳಿದ ಪ್ರಶ್ನೆಗೆ ದಿನವೂ ಉತ್ತರ ಕೊಟ್ಟವರು ಅವರು. ಟೀ ಕುಡಿಸಿದ ಮನೆಗಳು, ಮಳೆ ಬಂದಾಗ ಒಳಗೆ ಕರೆದ ಮನೆಗಳು, ಬೆಳಗ್ಗೆ ಐದೂವರೆಗೆ ಬಾಗಿಲು ತೆಗೆದು ಕಳಿಸಿದ ಹಾಸ್ಟೆಲ್ ವಾರ್ಡನ್ ಮೇಡಂ, "ಓದೋದು ಬಿಟ್ಟು ಕಸ ಎತ್ತೋಕೆ ಹೋಗ್ತೀಯಾ" ಅಂತ ಶುರುವಿನಲ್ಲಿ ಬೈದು ಆಮೇಲೆ ತಾವೇ ಗ್ಲೌಸ್ ತಂದುಕೊಟ್ಟ ನನ್ನ ಅಪ್ಪ. ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಇನ್ನು ಮುಂದೆ ಬೆಳಗ್ಗೆ ಬರುವವರು ನಮ್ಮ ಜೂನಿಯರ್‌ಗಳು. ನಮ್ಮನ್ನು ಕೇಳಿದ ಹಾಗೆಯೇ ಅವರನ್ನೂ ಪ್ರಶ್ನೆ ಕೇಳಿ, ಬಿಡಬೇಡಿ. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ, ಮಾರನೇ ದಿನವೇ ಎನ್ನೆಸ್ಸೆಸ್ ದಿನ. ಎರಡನ್ನೂ ಸೇರಿಸಿ ಅಕ್ಕಂದಿರಿಗೆ ಸೈಟಿನಲ್ಲೇ ಊಟ ಹಾಕಬೇಕು ಅಂತ ಹುಡುಗರು ಓಡಾಡುತ್ತಿದ್ದಾರೆ, ಅಡುಗೆಗೆ ಕೈ ಸೇರಿಸುವವರು ಮೂಲೆಮನೆ ಅಜ್ಜಿಗೆ ಹೇಳಿ, ಬಡಿಸಲು ನಾವಿದ್ದೇವೆ. ಗೊಬ್ಬರ ಜರಡಿ ಹಿಡಿಯುವುದು ಈ ಭಾನುವಾರ ಬೆಳಗ್ಗೆ ಏಳಕ್ಕೆ. ಹಸಿ ಕಸ ಕೊಟ್ಟ ಪ್ರತಿ ಮನೆಗೂ ಪಾಲು ಇದೆ, ಬರುವಾಗ ಬಟ್ಟೆ ಚೀಲ ತನ್ನಿ.