ಹೆಸರು ಕೇಳದೇ ಉಳಿದ ಅಣ್ಣನಿಗೆ

ಹೋದ ಭಾನುವಾರ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಮ್ಮ ಅಪ್ಪಯ್ಯನ ಕೈ ಹಿಡಿದ ಅಣ್ಣಾ, ನಿಮಗೆ ದೊಡ್ಡ ನಮಸ್ಕಾರ.

ನಾವು ಶಿರಸಿಯವರು. ದೇವಿಮನೆ ಘಾಟಿ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ ಬರುವಷ್ಟರಲ್ಲೇ ಅಪ್ಪಯ್ಯನಿಗೆ ಸುಸ್ತಾಗಿತ್ತು. ಮಂಡಿನೋವು ಬೇರೆ. ದಡದಲ್ಲಿ ಮ್ಯೂಸಿಯಂ ಮಾಡಿ ಇಟ್ಟಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯ ಮೆಟ್ಟಿಲ ಹತ್ತಿರ ನಿಂತು, "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಕೂತಿರ್ತೇನೆ" ಅಂದರು. ಮಗಳು ಸಪ್ಪಗಾದಳು. ಆಗ ನೀವು ಬಂದಿರಿ. "ಅವಸರ ಇಲ್ಲ, ಒಂದೊಂದೇ ಮೆಟ್ಟಿಲು ಹತ್ತುವಾ" ಅಂತ ಅವರನ್ನು ಮೇಲೆ ಕರೆದೊಯ್ದಿರಿ. 1976ರಲ್ಲಿ ನೌಕಾಪಡೆ ಸೇರಿದ ಕ್ಷಿಪಣಿ ದೋಣಿ ಅದು. ಅಪ್ಪಯ್ಯ ಅದರ ಕಬ್ಬಿಣವನ್ನು ಎಷ್ಟೋ ಹೊತ್ತು ಸವರುತ್ತಾ ನಿಂತಿದ್ದರು.

ಅಲ್ಲೇ ಇಟ್ಟಿರುವ ನೌಕಾಪಡೆಯ ಹಳೇ ಟುಪೊಲೆವ್ ವಿಮಾನದ ಹತ್ತಿರ ಮಗಳು ಕೇಳಿದಳು: ಒಂದೊಂದು ಎಂಜಿನ್ನಿಗೂ ಎರಡೆರಡು ಫ್ಯಾನ್ ಯಾಕೆ? ನನಗೆ ಗೊತ್ತಿರಲಿಲ್ಲ. ನೀವು ಎರಡೂ ಅಂಗೈ ಎದುರುಬದುರು ಇಟ್ಟು, ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ತಿರುಗಿಸಿದಿರಿ. ಮುಂದಿನ ಫ್ಯಾನ್ ಗಾಳಿಯನ್ನು ಸುತ್ತಿಸುತ್ತಾ ಹಿಂದಕ್ಕೆ ತಳ್ಳುತ್ತದೆ, ಹಿಂದಿನದು ಉಲ್ಟಾ ತಿರುಗಿ ಆ ಸುತ್ತನ್ನು ನೇರ ಮಾಡುತ್ತದೆ, ಹಾಗಾಗಿ ಶಕ್ತಿ ಸುಮ್ನೆ ಹಾಳಾಗುವುದಿಲ್ಲ ಅಂದಿರಿ. ಮಕ್ಕಳಿಗೆ ಹೀಗೆ ಹೇಳಿಕೊಟ್ಟರೆ ಮರೆಯುವುದುಂಟಾ?

ಚಹಾ ಕುಡಿಯೋಣ ಅಂತ ತಿರುಗಿ ನೋಡಿದರೆ ನೀವಿರಲಿಲ್ಲ. ಮಗಳು ಈಗ ಮನೆಗೆ ಬಂದವರಿಗೆಲ್ಲ ಅಂಗೈ ತಿರುಗಿಸಿ ತೋರಿಸುತ್ತಿದ್ದಾಳೆ.